ಮೂವತ್ತೊಂದನೇ ಮೀಟರಿನ ಗಾಳಿ

ಜನವರಿ 9, ಗುರುವಾರ

ಇವತ್ತು ಅವನು ಬಂದಿದ್ದ.

ಎದುರು ಸಿಕ್ಕರೆ ಏನೇನು ಹೇಳಬೇಕು ಎಂದು ಹನ್ನೊಂದು ವರ್ಷ ಮಾತು ಜೋಡಿಸಿಟ್ಟುಕೊಂಡಿದ್ದೆ. ಸ್ನಾನ ಮಾಡುವಾಗ, ಬಸ್ಸಿನಲ್ಲಿ ನಿಂತಿರುವಾಗ ಒಂದೊಂದು ಮಾತನ್ನೂ ಉಜ್ಜಿ ಉಜ್ಜಿ ಹರಿತ ಮಾಡಿದ್ದೆ. ಅವನು ಬಂದ, ನನ್ನ ಮೇಜಿನ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ, ಕಂಪನಿಯ ಬಣ್ಣದ ಪುಸ್ತಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ: "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ. ಯಾವ ಸ್ಟೇಷನ್‌ನಲ್ಲಿದ್ರಿ?"

ಯಾವ ಸ್ಟೇಷನ್‌ನಲ್ಲಿದ್ದೆನಂತೆ! ಅವನ ಸ್ಟೇಷನ್‌ನಲ್ಲೇ ಇದ್ದೆ. ಅವನು ಸ್ಟೇಷನ್ನಿನ ಮುಖ್ಯಸ್ಥ, ನಾನು ಏಣಿ ಗಾಡಿಯ ಚಾಲಕ. ಎರಡು ಮಾತಿಗೊಮ್ಮೆ "ಶಿಸ್ತು, ಶಿಸ್ತು" ಅನ್ನುತ್ತಿದ್ದನೆಂದು ಹುಡುಗರೆಲ್ಲ ಅವನಿಗೆ ಶಿಸ್ತು ಎಂದೇ ಹೆಸರಿಟ್ಟಿದ್ದರು. ಏಣಿ ಎತ್ತುವ ಪೈಪಿನಲ್ಲಿ ಎಣ್ಣೆ ಸೋರುತ್ತಿದೆ ಎಂದು ನಾನು ಗಾಡಿಯ ಪುಸ್ತಕದಲ್ಲಿ ಮೂರು ಸಲ ಬರೆದಿದ್ದೆ. ಬಟ್ಟೆ ಗೋದಾಮಿಗೆ ಬೆಂಕಿ ಬಿದ್ದ ದಿನ ಮೂರನೇ ಮಹಡಿಯ ಹತ್ತಿರ ಏಣಿ ದಡಕ್ಕನೆ ಕುಸಿಯಿತು. ಏಣಿ ನಡೆಸುವವನು ನಿಲ್ಲುವ ತುದಿಯ ಬಾಸ್ಕೆಟ್ಟಿನಿಂದ ನಾನು ಕೆಳಗೆ ಬಿದ್ದೆ. ಎಡಗಾಲು ಎರಡು ಕಡೆ ಮುರಿಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನ ವರದಿಯ ನಕಲು ಕೈಗೆ ಬಂತು. ಗಾಡಿಯ ಪುಸ್ತಕ ಪತ್ತೆ ಇರಲಿಲ್ಲ. ಕಾರಣದ ಜಾಗದಲ್ಲಿ "ಚಾಲಕನ ಅಜಾಗರೂಕತೆ" ಎಂದು ಬರೆದಿತ್ತು.

ಆವತ್ತಿನಿಂದ ನಾನು ಏಣಿ ಹತ್ತಿಲ್ಲ. ಪ್ರಧಾನ ಕಚೇರಿಯ ಈ ಮೇಜು, ಈ ಫೈಲು, ಮಳೆ ಬಂದರೆ ನೋಯುವ ಈ ಕಾಲು.

ಈಗ ನಿವೃತ್ತನಾಗಿ ಏಣಿ ಗಾಡಿ ಮಾರುವ ಕಂಪನಿಗೆ ಸಲಹೆಗಾರನಾಗಿದ್ದಾನೆ. ಏಳು ಊರುಗಳ ಅಗ್ನಿಶಾಮಕ ಠಾಣೆಗಳಿಗೆ ಏಳು ಹೊಸ ಏಣಿ ಗಾಡಿ ಕೊಳ್ಳಬೇಕಾಗಿದೆ. ತಾಂತ್ರಿಕ ಸಮಿತಿಯ ಕಾರ್ಯದರ್ಶಿ ಯಾರು? ನಾನು. ಗಾಡಿ ಹೇಗಿರಬೇಕು, ಪರೀಕ್ಷೆ ಹೇಗೆ ನಡೆಯಬೇಕು ಎಂದು ಬರೆಯುವ ಪೆನ್ನು ಯಾರ ಕೈಯಲ್ಲಿದೆ? ನನ್ನ ಕೈಯಲ್ಲಿ.

"ನೆನಪಿಲ್ಲ ಸರ್," ಎಂದೆ. ಚಹಾ ತರಿಸಿಕೊಟ್ಟೆ. ಎರಡು ಚಮಚ ಸಕ್ಕರೆ ಹಾಕಿಸಿಕೊಂಡು ಕುಡಿದು ಹೋದ.

ಜನವರಿ 10, ಶುಕ್ರವಾರ

ಹೆಂಡತಿಗೆ ಹೇಳಿದೆ. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಉತ್ತರಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಏನ್ ಮಾಡ್ಬೇಕು ಅಂತಿದ್ದೀರಿ?"

"ಏನೂ ಇಲ್ಲ. ನಿಯಮ ಪ್ರಕಾರ ಕೆಲಸ."

"ನಿಯಮ ಅಂತ ನೀವು ಹಲ್ಲು ಕಡ್ಕೊಂಡು ಹೇಳೋದನ್ನ ಮೊದಲನೇ ಸಲ ಕೇಳ್ತಾ ಇದ್ದೀನಿ," ಎಂದಳು. ಯಾರದೋ ಪೇಪರಿಗೆ ದೊಡ್ಡ ಸೊನ್ನೆ ಸುತ್ತಿದಳು.

ಇವಳಿಗೇನು ಗೊತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನಾನು ಲೋಟ ಎತ್ತಿಕೊಡುವವನು, ಅಷ್ಟೇ.

ಫೆಬ್ರವರಿ 3, ಸೋಮವಾರ

ಏಳು ಊರು ಸುತ್ತಿ ಬಂದೆ. ಹದಿನೆಂಟು ದಿನ. ಹಳೆಯ ಪೇಟೆಗಳ ಬೀದಿ ಅಳೆಯುವುದೇ ಕೆಲಸ. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅಳಿಲಿನ ಕೈಯಲ್ಲಿ.

ಅಳಿಲು ಅಂದರೆ ನಮ್ಮ ಇಲಾಖೆಯ ಏಣಿ ಗಾಡಿಯ ಮೊದಲ ಚಾಲಕಿ. ಮೂವತ್ತನಾಲ್ಕು ವರ್ಷ. ತರಬೇತಿ ಕೇಂದ್ರದಲ್ಲಿ ಕೆಳಗೆ ನಿಂತು ಅವಳಿಗೆ ಪಾಠ ಹೇಳಿದವನು ನಾನೇ. ಹದಿನೈದು ಮೀಟರಿಗೇ ಗಂಡಸರು ಕಣ್ಣು ಮುಚ್ಚಿಕೊಳ್ಳುವಾಗ ಇವಳು ಬಾಸ್ಕೆಟ್ಟಿನಲ್ಲಿ ನಿಂತು ಕೆಳಗಿದ್ದವರ ಬೋಳುತಲೆ ಎಣಿಸುತ್ತಿದ್ದಳು. ಆವತ್ತೇ ಯಾರೋ ಅಳಿಲು ಎಂದರು, ಅದೇ ನಿಂತಿತು. ಹೊಸ ಗಾಡಿ ಬಂದರೆ ಅವಳ ಠಾಣೆಯಲ್ಲಿ ಅವಳೇ ಮುಖ್ಯ ಚಾಲಕಿ.

"ಏಣಿ ಬಿಟ್ರೆ ನಂಗೆ ಬೇರೆ ಏನೂ ಬರಲ್ಲ ಸರ್," ಎಂದಳು ಬಸ್ಸಿಗೆ ಕಾಯುತ್ತಿದ್ದಾಗ. "ಅಡುಗೆ ಕೂಡ ಬರಲ್ಲ. ನಮ್ಮನೆಯವರನ್ನ ಕೇಳಿ."

ಬೀದಿಗಳದ್ದು ಕೆಟ್ಟ ಸುದ್ದಿ. ಏಣಿ ಎತ್ತುವ ಮುಂಚೆ ಗಾಡಿ ಎರಡೂ ಬದಿಗೆ ಜ್ಯಾಕುಗಳನ್ನು ಚಾಚಿ ನೆಲಕ್ಕೆ ಊರಿ ನಿಲ್ಲಬೇಕು, ಇಲ್ಲದಿದ್ದರೆ ಮಗುಚಿಕೊಳ್ಳುತ್ತದೆ. ಅದಕ್ಕೆ ಐದೂವರೆ ಮೀಟರ್ ಅಗಲ ಬೇಕು. ಏಳರಲ್ಲಿ ನಾಲ್ಕು ಊರಿನ ಹಳೆಯ ಪೇಟೆಯಲ್ಲಿ ಬೀದಿ ನಾಲ್ಕು ಮೀಟರ್ ದಾಟುವುದಿಲ್ಲ.

ಫೆಬ್ರವರಿ 13, ಗುರುವಾರ

ಮೂರು ಕಂಪನಿಗಳ ಕಾಗದ ಓದಿ ಮುಗಿಸಿದೆ. ಒಂದು ಬದಿಯ ಜ್ಯಾಕನ್ನು ಅರ್ಧ ಮಾತ್ರ ಚಾಚಿ, ಇನ್ನೊಂದು ಬದಿಗೆ ಏಣಿ ತಿರುಗಿಸಿ ಕೆಲಸ ಮಾಡುವ ಗಾಡಿ ಒಂದೇ ಒಂದು ಇದೆ. ನಾಲ್ಕು ಮೀಟರಿನ ಬೀದಿಯಲ್ಲಿ ನಿಲ್ಲುತ್ತದೆ. ಯಾರ ಕಂಪನಿಯದು ಎಂದು ಬೇರೆ ಬರೆಯಬೇಕೆ?

ಎದ್ದು ಹೋಗಿ ನೀರು ಕುಡಿದು ಬಂದೆ.

"ಕಿರಿದಾದ ಬೀದಿಯಲ್ಲಿ ನಿಲ್ಲಬೇಕು" ಎಂಬ ಷರತ್ತನ್ನು ಕರಡಿನಿಂದ ಹೊಡೆದುಹಾಕಿದೆ. ಒಂದೇ ಕಂಪನಿಗೆ ಅನುಕೂಲವಾಗುವ ಷರತ್ತು ಹಾಕಬಾರದು ಎಂದು ಖರೀದಿ ನಿಯಮವೇ ಹೇಳುತ್ತದೆ. ನಿಯಮ ನಾನು ಮಾಡಿದ್ದಲ್ಲ. ಬೀದಿಗಳನ್ನು ಮುಂದೆ ಪುರಸಭೆಯವರು ಅಗಲ ಮಾಡಲಿ.

ಅದರ ಬದಲು ಸಮಯದ ಷರತ್ತು ಹಾಕಿದೆ. ನೆಲದಿಂದ ನಲವತ್ತೆರಡು ಮೀಟರಿಗೆ ನೂರೈವತ್ತು ಸೆಕೆಂಡು. ಒಂದೇ ಅವಕಾಶ. ನಮ್ಮ ಇಲಾಖೆಯ ಚಾಲಕರೇ ಓಡಿಸಬೇಕು. ಮೇಲೆ ಗಾಳಿ ಜೋರಾದರೆ ಏಣಿ ನಿಲ್ಲಿಸಬೇಕು. ಆಗ ಚಾಲಕರು ವಾಕಿಟಾಕಿಯಲ್ಲಿ "ಗಾಳಿ" ಎಂದು ಹೇಳಬೇಕು, ಹೇಳಿದರೆ ಸಮಯ ನೋಡುವವನು ಸ್ಟಾಪ್‌ವಾಚ್ ತಡೆಹಿಡಿಯಬೇಕು. ಹೇಳದಿದ್ದರೆ ಇಲ್ಲ. ಇದು ನಮ್ಮ ದಳದಲ್ಲಿ ಮೊದಲಿನಿಂದಲೂ ಇರುವ ಪದ್ಧತಿ. ನಾನು ಕಾಗದಕ್ಕೆ ಇಳಿಸಿದೆ, ಅಷ್ಟೇ.

ಸಮಯ ನೋಡುವವನು: ಸಮಿತಿಯ ಕಾರ್ಯದರ್ಶಿ.

ಮಾರ್ಚ್ 19, ಬುಧವಾರ

ಶಿಸ್ತು ಮತ್ತೆ ಬಂದಿದ್ದ. ನಾನು ಫೈಲು ತೆಗೆಯಲು ಎದ್ದು ಕಪಾಟಿನವರೆಗೆ ಹೋಗಿ ಬರುವುದನ್ನು ನೋಡಿದ. ನೋಡಿ, ಬಹಳ ಮರುಕದಿಂದ, "ಕಾಲಿಗೆ ಏನಾಯ್ತು ಪಾಪ?" ಎಂದ.

ಇದಕ್ಕಿಂತ ಹೆಚ್ಚು ಬರೆದರೆ ಕಾಗದ ಹರಿಯುತ್ತದೆ.

ಏಪ್ರಿಲ್ 8, ಮಂಗಳವಾರ

ನಾಳೆ ಪರೀಕ್ಷೆ. ತರಬೇತಿ ಮೈದಾನಕ್ಕೆ ಮೂರೂ ಗಾಡಿಗಳು ಬಂದು ನಿಂತಿವೆ. ಅಳಿಲು ನಾಲ್ಕು ದಿನದಿಂದ ಮೂರನ್ನೂ ಓಡಿಸಿ ಅಭ್ಯಾಸ ಮಾಡಿದ್ದಾಳೆ. ಸಂಜೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಹೇಗಿದೆ ಅಮ್ಮಾ?"

"ಮೊದಲನೇದು ಒರಟು ಸರ್. ಎರಡನೇದು ಪರವಾಗಿಲ್ಲ. ಮೂರನೇದು ಮಾತ್ರ..." ಕೈಯಲ್ಲಿ ಏನನ್ನೋ ಮೆಲ್ಲಗೆ ಎತ್ತಿದ ಹಾಗೆ ತೋರಿಸಿದಳು. "ಹೇಳಿದ ಮಾತು ಕೇಳತ್ತೆ. ನೂರ ನಲವತ್ತು ಸೆಕೆಂಡಲ್ಲಿ ಮೇಲೆ ಹೋಯ್ತು. ನಮ್ಮ ಪೇಟೆ ಬೀದೀಲಿ ನಿಲ್ಲೋದು ಇದೊಂದೇ ಅಲ್ವಾ ಸರ್? ನಾವೇ ಅಳತೆ ಮಾಡಿದ್ವಲ್ಲ."

ಮೂರನೆಯದು ಶಿಸ್ತುವಿನ ಗಾಡಿ.

"ನೋಡೋಣ," ಎಂದೆ.

ಏಪ್ರಿಲ್ 9, ಬುಧವಾರ

ಬರೆಯುತ್ತೇನೆ. ಇದು ನನಗಾಗಿ ಬರೆದುಕೊಳ್ಳುವ ಪುಸ್ತಕ, ಇಲ್ಲೂ ಸುಳ್ಳು ಬರೆದರೆ ಕೊನೆಗೆ ನನ್ನನ್ನು ನಾನೇ ನಂಬದ ಸ್ಥಿತಿ ಬರುತ್ತದೆ.

ಬೆಳಿಗ್ಗೆ ಎರಡು ಗಾಡಿ ಮುಗಿದವು. ಎರಡೂ ಪಾಸು. ಮಧ್ಯಾಹ್ನ ಮೂರನೆಯದು. ನಿರ್ದೇಶಕರು ಮತ್ತು ಸಮಿತಿಯವರು ಶಾಮಿಯಾನದ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಬಿಸಿಲಲ್ಲಿ, ಗಾಡಿಯಿಂದ ಇಪ್ಪತ್ತು ಹೆಜ್ಜೆ ದೂರ. ಬಲಗೈಯಲ್ಲಿ ಸ್ಟಾಪ್‌ವಾಚು, ಎಡಗೈಯಲ್ಲಿ ವಾಕಿಟಾಕಿ. ಇದ್ದದ್ದು ಎರಡೇ ವಾಕಿಟಾಕಿ, ಇನ್ನೊಂದು ಬಾಸ್ಕೆಟ್ಟಿನಲ್ಲಿ. ಶಿಸ್ತು ಬಿಳಿ ಟೋಪಿ ಹಾಕಿಕೊಂಡು ಶಾಮಿಯಾನದ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದ.

ಬಾಸ್ಕೆಟ್ಟಿನಲ್ಲಿ ಅಳಿಲು, ಜೊತೆಗೆ ಇಬ್ಬರು ಮನುಷ್ಯರ ತೂಕದ ಮರಳು ಚೀಲಗಳು. ನಾನು ಕೈ ಇಳಿಸಿದೆ, ಏಣಿ ಏರಿತು. ಸುಳ್ಳು ಹೇಳಬಾರದು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಏರಿತು. ನನ್ನ ಕಾಲು ಸರಿ ಇದ್ದು ಆ ಬಾಸ್ಕೆಟ್ಟಿನಲ್ಲಿ ನಾನೇ ಇದ್ದಿದ್ದರೆ ಎಂದು ಒಂದು ಕ್ಷಣ ಆಸೆಯಾಯಿತು. ಮೂವತ್ತೊಂದು ಮೀಟರಿನಲ್ಲಿ ನಿಂತಿತು.

ಕಿವಿಯ ಹತ್ತಿರ ಅವಳ ದನಿ, ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟ: "ಗಾಳಿ. ಗಾಳಿ. ನಿಲ್ಲಿಸಿದ್ದೀನಿ ಸರ್."

ಹೆಬ್ಬೆರಳು ಬಟನ್ನಿನ ಮೇಲಿತ್ತು.

ಒತ್ತಲಿಲ್ಲ.

ನೂರು, ನೂರಹತ್ತು, ನೂರೈವತ್ತು. ಮೇಲೆ ಅವಳು ನಾನು ಕಲಿಸಿದ ಹಾಗೆಯೇ ಅಲುಗದೆ ನಿಂತಿದ್ದಳು. ನಾಲ್ಕು ನಿಮಿಷಕ್ಕೆ ಗಾಳಿ ತಗ್ಗಿತು. ಮತ್ತೆ ಏರಿ ನಲವತ್ತೆರಡು ಮುಟ್ಟಿ ಕೈ ಬೀಸಿದಳು. ನಾನು ಶಾಮಿಯಾನದ ಹತ್ತಿರ ಹೋಗಿ ವಾಚನ್ನು ತೋರಿಸಿದೆ. ಶಿಸ್ತುವಿನ ಮುಖ ಬಣ್ಣಗೆಟ್ಟಿತು. ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅದನ್ನು ನೋಡುವುದಕ್ಕಾಗಿ ಇನ್ನೊಂದು ಕಾಲನ್ನೂ ಮುರಿಸಿಕೊಳ್ಳಬಹುದಿತ್ತು.

ಏಪ್ರಿಲ್ 10, ಗುರುವಾರ

ಹೊಟ್ಟೆ ತಣ್ಣಗಾಗಿದೆ. ಚೆನ್ನಾಗಿ ನಿದ್ದೆ ಬಂತು. ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಏಪ್ರಿಲ್ 22, ಮಂಗಳವಾರ

ಸುಮ್ಮನೆ ಬಿಡುವವನಲ್ಲ ಶಿಸ್ತು. ಕಂಪನಿಯಿಂದ ಆಕ್ಷೇಪಣೆ ಬಂದಿದೆ. ಗಾಡಿಯ ಯಂತ್ರದಲ್ಲಿ ಗಾಳಿಯ ವೇಗ ದಾಖಲಾಗುತ್ತದಂತೆ. ಮೂವತ್ತೊಂದು ಮೀಟರಿನಲ್ಲಿ ಮಿತಿ ಮೀರಿತ್ತು, ಗಾಡಿ ನಿಂತದ್ದು ಸರಿ, ವಾಚನ್ನು ಏಕೆ ತಡೆಹಿಡಿಯಲಿಲ್ಲ ಎಂದು ಪ್ರಶ್ನೆ.

ನಿರ್ದೇಶಕರು ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಕೋರ್ಟು ಎಂದರೆ ಜ್ವರ ಬರುತ್ತದೆ.

"ಏನ್ರೀ ಇದು?"

"ಚಾಲಕಿ ಗಾಳಿ ಅಂತ ಹೇಳಿರಲಿಲ್ಲ ಸರ್. ಹೇಳದಿದ್ರೆ ವಾಚು ನಿಲ್ಲಿಸೋ ಹಾಗಿಲ್ಲ. ಷರತ್ತಿನಲ್ಲೇ ಇದೆ."

"ಅಂದ್ರೆ ತಪ್ಪು ನಮ್ಮ ಚಾಲಕಿದು ಅಂತಾಯ್ತು."

"ಸಣ್ಣ ಲೋಪ ಸರ್."

"ಸಣ್ಣ ಲೋಪ ಅಂದ್ರೆ ಅವರು ಇನ್ನೊಂದು ಪರೀಕ್ಷೆ ಕೇಳ್ತಾರೆ. ಸರಿಯಾಗಿ ಬರೀರಿ."

ಸರಿಯಾಗಿ ಬರೆದೆ. ನಾಲ್ಕನೇ ಪ್ಯಾರಾದಲ್ಲಿ "ಚಾಲಕಿಯ ಅಜಾಗರೂಕತೆ" ಎಂದು ಹಾಕಿದೆ. ಇಲಾಖೆಯ ಭಾಷೆಯಲ್ಲಿ ಅದಕ್ಕೆ ಬೇರೆ ಪದವಿಲ್ಲ. ಅಳಿಲಿಗೆ ಒಂದು ನೋಟೀಸು ಬರಬಹುದು, ಉತ್ತರ ಕೊಟ್ಟರೆ ಮುಗಿಯಿತು. ಅವಳಿನ್ನೂ ಚಿಕ್ಕವಳು, ಮುಂದೆ ಬೇಕಾದಷ್ಟು ಕಾಲವಿದೆ.

ಮೇ 2, ಶುಕ್ರವಾರ

ಶಿಸ್ತುವಿನ ಕಂಪನಿ ತಿರಸ್ಕೃತ. ಪತ್ರವನ್ನು ಅಂಚೆಗೆ ಹಾಕದೆ, ಬಂದು ತೆಗೆದುಕೊಂಡು ಹೋಗಿ ಎಂದು ಹೇಳಿಕಳಿಸಿದ್ದೆ. ಕೈಯಾರೆ ಕೊಡಬೇಕಿತ್ತು.

ಓದಿ, ಮಡಚಿ, ಜೇಬಿಗಿಟ್ಟುಕೊಂಡ. ಏಳಲಿಲ್ಲ. "ಈಗ ಗುರುತು ಸಿಕ್ತು," ಎಂದ. "ಬಟ್ಟೆ ಗೋದಾಮು. ಅಲ್ವಾ?"

ನಾನು ಫೈಲು ಮುಚ್ಚಿದೆ.

"ಆ ಗಾಡಿ ಪುಸ್ತಕ ನಾನೇ ತೆಗ್ದಿಟ್ಟೆ. ಮೇಲಿನವರು ಕರೆದು, ಸರಿಯಾಗಿ ಬರೀರಿ ಅಂದ್ರು. ಬರೆದೆ. ಆಮೇಲೆ ಎಷ್ಟೋ ವರದಿ ಬರೆದೆ ನೋಡಿ, ಯಾವುದು ಯಾರದು ಅಂತ ನೆನಪೇ ಉಳೀಲಿಲ್ಲ." ಎದ್ದು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. "ಗಾಡಿ ಒಳ್ಳೇದಿತ್ತು. ನನ್ನ ಮೇಲಿನ ಸಿಟ್ಟನ್ನ ಗಾಡಿ ಮೇಲೆ ತೀರಿಸ್ಕೊಂಡ್ರಿ."

ನೆಪ ಹೇಳುವವರಿಗೆ ಮೇಲಿನವರು ಯಾವಾಗಲೂ ಸಿಗುತ್ತಾರೆ. ನಾಚಿಕೆಗೆಟ್ಟ ಮನುಷ್ಯ. ಮಾಡಿದ್ದುಣ್ಣೋ ಮಹಾರಾಯ ಎಂದು ಮನಸ್ಸಿನಲ್ಲೇ ಹೇಳಿ ಬಾಗಿಲವರೆಗೆ ಬಿಟ್ಟು ಬಂದೆ.

ಇವತ್ತು ಸಂತೋಷವಾಗಬೇಕಿತ್ತು. ಆಗಿದೆ. ಎದೆಯುರಿ ಇದ್ದುದರಿಂದ ಊಟ ಸೇರಲಿಲ್ಲ.

ಮೇ 6, ಮಂಗಳವಾರ

ಅಳಿಲನ್ನು ಏಣಿಯಿಂದ ತೆಗೆದು ಕಂಟ್ರೋಲ್ ರೂಮಿನ ಫೋನಿಗೆ ಹಾಕಿದ್ದಾರೆ. ಆದೇಶದ ನಕಲು ನನ್ನ ಮೇಜಿಗೂ ಬಂತು. ನೋಟೀಸು ಕೊಟ್ಟು ಬಿಡುತ್ತಾರೆ ಎಂದುಕೊಂಡಿದ್ದೆ. ಕಂಪನಿಯವರು ಕೋರ್ಟಿಗೆ ಹೋದರೆ ಕ್ರಮ ಕೈಗೊಂಡಿದ್ದೇವೆ ಎಂದು ತೋರಿಸಲು ಬೇಕಂತೆ.

ಮನೆಯಲ್ಲಿ ಹೇಳಿದೆ. ಹೆಂಡತಿ ಕೇಳಿದಳು: "ಅವಳು ನಿಜವಾಗ್ಲೂ ಹೇಳಿರಲಿಲ್ವಾ?"

"ವಾಕಿಟಾಕಿ ಗರಗರ ಅಂತಿತ್ತು."

"ಹಾಗಾದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ ರೀ."

"ಎಲ್ಲದಕ್ಕೂ ಒಂದು ಗಾದೆ ಇಟ್ಕೊಂಡಿರ್ತೀಯ!" ಎಂದು ಕೂಗಿದೆ. ಗಾದೆಗೆ ಅಷ್ಟು ಸಿಟ್ಟು ಯಾಕೆ ಬಂತೋ ತಿಳಿಯದು. ಅವಳು ನನ್ನ ಮುಖವನ್ನೇ ನೋಡಿದಳು. ಇವತ್ತು ನನಗೆ ಆಯಾಸವಾಗಿದೆ.

ಮೇ 9, ಶುಕ್ರವಾರ

ಕೆಲಸ ಬಹಳ.

ಮೇ 13, ಮಂಗಳವಾರ

ಕಂಟ್ರೋಲ್ ರೂಮಿಗೆ ಫೋನ್ ಮಾಡಬೇಕಾಗಿತ್ತು. ಮಾಡಿದೆ. ಆ ಕಡೆಯಿಂದ ಅವಳ ದನಿ. ಇಟ್ಟುಬಿಟ್ಟೆ. ಗುಮಾಸ್ತನ ಕೈಯಲ್ಲಿ ಮಾಡಿಸಿದೆ.

ಮೇ 18, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಅಳಿಲು ಮನೆಗೆ ಬಂದಳು. ಹನ್ನೆರಡು ದಿನಕ್ಕೇ ಮುಖ ಇಳಿದುಹೋಗಿದೆ. ಕುರ್ಚಿಯ ತುದಿಯಲ್ಲಿ ಕೂತಳು.

"ಸರ್, ಒಂದು ಕೇಳ್ಲಾ? ನಿಮ್ಮ ವಾಕಿಟಾಕಿಗೆ ನನ್ನ ದನಿ ಬರಲಿಲ್ವಾ?"

"ಗರಗರ ಅಂತಿತ್ತಮ್ಮ."

ಅವಳು ತಲೆಯಾಡಿಸಿದಳು. ಕೂಡಲೇ ನಂಬಿದಳು. "ನಾನೂ ಹಾಗೇ ಅಂದ್ಕೊಂಡೆ. ನಿಮಗೆ ಕೇಳಿಸಿದ್ರೆ ನೀವು ನಿಲ್ಲಿಸದೆ ಇರ್ತಿದ್ರಾ. ಆದ್ರೆ ಸೆಟ್ಟು ಕೆಟ್ಟಿದ್ರೆ ಅದು ಸೆಟ್ಟಿನ ತಪ್ಪು ಅಲ್ವಾ ಸರ್? ಇದನ್ನ ಯಾಕೆ ಹೀಗೆ ಬರೆದ್ರು?" ಬ್ಯಾಗಿನಿಂದ ವರದಿಯ ನಕಲು ತೆಗೆದಳು. ಮಡಚಿ ಮಡಚಿ ಅದರ ಮಡಿಕೆಗಳು ಸವೆದಿದ್ದವು.

"ಯಾವ ಪ್ಯಾರಾ?" ಎಂದೆ. ನಿಜಕ್ಕೂ ನೆನಪಿರಲಿಲ್ಲ.

"ನಾಲ್ಕನೇದು. ನಂಗೆ ಬಾಯಿಪಾಠ ಬರತ್ತೆ." ನೋಡದೆಯೇ ಹೇಳಿದಳು. ಕೊನೆಯ ಪದಕ್ಕೆ ಬಂದಾಗ ಕಾಗದವನ್ನು ಮತ್ತೆ ಮಡಚಿದಳು. "ಯಾರು ಸರ್ ಬರೆದಿದ್ದು?"

"ಸಮಿತಿ."

"ಸಮಿತಿಗೆ ಕೈ ಇರಲ್ಲ ಸರ್. ಯಾರೋ ಒಬ್ರು ಕೂತ್ಕೊಂಡು ಬರೆದಿರ್ತಾರೆ." ನೆಲ ನೋಡುತ್ತಾ ಹೇಳಿದಳು. "ನಿಮಗೂ ಹೀಗೇ ಆಗಿತ್ತಂತಲ್ಲ. ಸ್ಟೇಷನ್‌ನಲ್ಲಿ ಎಲ್ಲಾ ಹೇಳ್ತಾರೆ. ಹನ್ನೊಂದು ವರ್ಷ ಹೇಗೆ ತಡ್ಕೊಂಡ್ರಿ ಸರ್? ನಂಗೆ ಹನ್ನೆರಡು ದಿನಕ್ಕೇ ಆಗ್ತಿಲ್ಲ. ಬೆಂಕಿ ಅಂತ ಯಾರಾದ್ರೂ ಫೋನ್ ಮಾಡಿದ್ರೆ, ವಿಳಾಸ ಬರ್ಕೊಂಡು ಇನ್ಯಾರಿಗೋ ಕೊಡ್ಬೇಕು."

ಗೊತ್ತಿದ್ದ ಒಂದೇ ಮಾತನ್ನು ಹೇಳಿದೆ. "ಬಿಡಬೇಡ. ನಾನು ಆಗ ಅಪೀಲು ಹಾಕ್ಲಿಲ್ಲ, ಸುಮ್ಮನೆ ಉರ್ಕೊಂಡು ಕೂತೆ. ನೀನು ಹಾಗೆ ಮಾಡಬೇಡ. ಆದೇಶ ಬಂದ ಮೂವತ್ತು ದಿನದೊಳಗೆ ಅಪೀಲು ಹಾಕು. ಬರೆದವನು ಯಾರೇ ಆಗಿರ್ಲಿ, ಬಿಡಬೇಡ."

"ನಂಗೆ ಬರೆಯೋಕೆ ಬರಲ್ಲ ಸರ್. ನೀವು ಬರ್ದು ಕೊಡ್ತೀರಾ?"

ಹೂಂ ಎಂದೆ. ಅವಳು ಹೋಗುವಾಗ ನನ್ನ ಕಾಲು ಮುಟ್ಟಲು ಬಗ್ಗಿದಳು. ಹಾವು ತುಳಿದವನ ಹಾಗೆ ಹಿಂದಕ್ಕೆ ಸರಿದೆ.

ಮೇ 20, ಮಂಗಳವಾರ

ರಜೆ ಹಾಕಿ ಅಪೀಲು ಬರೆಯಲು ಕೂತೆ. ಸುಮ್ಮನೆ ಒಂದು ಪುಟ ಗೀಚಿ ಕೊಟ್ಟರಾಯಿತು, ತಿರಸ್ಕಾರವಾಗುತ್ತದೆ, ನಾನೂ ಸಹಾಯ ಮಾಡಿದ ಹಾಗಾಗುತ್ತದೆ ಎಂದುಕೊಂಡಿದ್ದೆ.

ಆದರೆ ಆ ವರದಿ ಬರೆದವನು ಎಂಥ ದಡ್ಡ! ಪ್ರತಿ ಸಾಲಿನಲ್ಲೂ ತೂತು. ಪರೀಕ್ಷೆಗೆ ಮುಂಚೆ ವಾಕಿಟಾಕಿ ಸರಿ ಇದೆಯೇ ಎಂದು ನೋಡಿ ದಾಖಲಿಸಬೇಕು. ಆ ದಿನದ ಹಾಳೆಯಲ್ಲಿ ಮಧ್ಯಾಹ್ನ "ದನಿ ಸ್ಪಷ್ಟ" ಎಂದು ಸಮಯ ನೋಡುವವನೇ ಬರೆದು ಸಹಿ ಮಾಡಿದ್ದಾನೆ. ಮತ್ತೆ, ಏಣಿ ನಾಲ್ಕು ನಿಮಿಷ ನಿಂತೇ ಇದ್ದಾಗ, ಮೇಲೆ ಒಂಟಿಯಾಗಿರುವ ಚಾಲಕಿಯನ್ನು ಕೆಳಗಿದ್ದವನು "ಏನಾಯಿತು" ಎಂದು ಒಮ್ಮೆಯಾದರೂ ವಿಚಾರಿಸಬೇಡವೇ? ವಿಚಾರಿಸಲಿಲ್ಲ. ಏಕೆಂದರೆ ಏನಾಯಿತು ಎಂದು ಅವನಿಗೆ ಗೊತ್ತಿತ್ತು. ಇದೊಂದೇ ಸಾಕು ಅವನನ್ನು ಮಣ್ಣು ಮುಕ್ಕಿಸಲು.

ಬರೆಯುತ್ತಾ ಬರೆಯುತ್ತಾ ಊಟ ಮರೆತೆ. ಇಷ್ಟು ಹುರುಪಿನಿಂದ ಕೆಲಸ ಮಾಡಿ ಎಷ್ಟು ವರ್ಷವಾಯಿತೋ. ಎರಡು ಪುಟ ಮುಗಿಸಿ ಓದಿದೆ. ಯಾವ ಅಧಿಕಾರಿಯೂ ತಳ್ಳಿಹಾಕಲಾರ.

ಮೇ 21, ಬುಧವಾರ

ಅಪೀಲು ಗೆದ್ದರೆ ಮರುಪರೀಕ್ಷೆ. ಮರುಪರೀಕ್ಷೆಯಾದರೆ ಶಿಸ್ತುವಿನ ಗಾಡಿ ಗೆಲ್ಲುತ್ತದೆ. ಏಳು ಊರಿಗೂ ಅವನದೇ ಗಾಡಿ ಹೋಗುತ್ತದೆ, ಅವನು ಬಿಳಿ ಟೋಪಿ ಹಾಕಿಕೊಂಡು ಫೋಟೋಗೆ ನಿಲ್ಲುತ್ತಾನೆ. ನನ್ನ ಕೈಯಿಂದಲೇ.

ಹರಿದು ಹಾಕಿದೆ.

ಮೇ 23, ಶುಕ್ರವಾರ

ಕಸದ ಬುಟ್ಟಿ ಖಾಲಿ ಮಾಡುವಾಗ ಚೂರುಗಳನ್ನು ಹೆಂಡತಿ ನೋಡಿದ್ದಾಳೆ. ನನ್ನ ಅಕ್ಷರ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಂಟಿಸಿ ಪೂರ್ತಿ ಓದಿದ್ದಾಳೆ.

"ದನಿ ಕೇಳಿಸಿತ್ತು," ಎಂದಳು. ಪ್ರಶ್ನೆಯಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನನ್ನ ಕೈ ತಾನಾಗಿ ಕಿವಿಗೆ ಹೋಯಿತು. ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. "ನಿಮಗೆ ಕಾಲು ಮುರಿದಾಗ ಆಸ್ಪತ್ರೇಲಿ ಮೂರು ತಿಂಗಳು ಕೂತಿದ್ದೆ. ಆಗ ಆ ಮನುಷ್ಯನಿಗೆ ಹಿಡಿ ಶಾಪ ಹಾಕ್ತಿದ್ದೆ. ಈಗ ಆ ಹುಡುಗಿ ಗಂಡನೂ ಹಾಕ್ತಿರ್ತಾನೆ," ಎಂದಳು. ಅಷ್ಟು ಹೇಳಿ ಬಟ್ಟೆ ಒಣಹಾಕಲು ಹೋದಳು.

ಅವಳು ಬರುವಷ್ಟರಲ್ಲಿ ಮತ್ತೆ ಬರೆಯಲು ಕೂತಿದ್ದೆ. ಈ ಸಲ ಮೂರು ಪುಟವಾಯಿತು. ಮೊದಲನೆಯದಕ್ಕಿಂತ ಖಾರ. ಶಿಸ್ತು ಫೋಟೋಗೆ ನಿಲ್ಲುವುದಾದರೆ ನಿಲ್ಲಲಿ, ಅವನ ಮುಖಕ್ಕೆ ಬೆಂಕಿ ಬೀಳಲಿ. ಅವನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಈ ನಾಲ್ಕನೇ ಪ್ಯಾರಾದವನನ್ನು ಮೊದಲು ನೋಡಿಕೊಳ್ಳಬೇಕು.

ಮೇ 25, ಭಾನುವಾರ

ಅಳಿಲು ಹತ್ತು ಗಂಟೆಗೇ ಬಂದಳು. ಮೂರು ಪುಟ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದಳು. ಓದುತ್ತಾ ಹೋದ ಹಾಗೆ ಕುತ್ತಿಗೆ ನೆಟ್ಟಗಾಯಿತು.

"ಸರ್, ಇದೆಲ್ಲಾ ನಿಮಗೆ ಹೇಗೆ ಗೊತ್ತಾಯ್ತು?" ಎಂದಳು. ಆಮೇಲೆ, "ಯಾರ ವಿರುದ್ಧ ಅನ್ನೋ ಜಾಗ ಖಾಲಿ ಇದೆಯಲ್ಲ."

"ನೀನೇ ಬರಿ. ಹೇಳ್ತೀನಿ."

ಮೇಜಿನ ಮೇಲೆ ಕಾಗದ ಇಟ್ಟು ಪೆನ್ನು ತೆರೆದಳು. ನನ್ನ ಹುದ್ದೆಯ ಹೆಸರು ಉದ್ದ. ಒಂದೊಂದೇ ಪದ ಹೇಳಿದೆ. "ಕಾರ್ಯದರ್ಶಿ" ಎನ್ನುವವರೆಗೆ ಬರೆದಳು, "ತಾಂತ್ರಿಕ ಸಮಿತಿ" ಎನ್ನುವಾಗ ಪೆನ್ನು ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಚಹಾದ ಲೋಟಗಳನ್ನು ಹಿಡಿದು ನಿಂತಿದ್ದಳು.

"ಕೇಳಿಸಿತ್ತಾ ಸರ್?"

"ಎರಡು ಸಲ ಗಾಳಿ ಅಂದೆ. ನಿಲ್ಲಿಸಿದ್ದೀನಿ ಅಂದೆ. ಎಲ್ಲಾ ಕೇಳಿಸ್ತು."

"ಯಾಕೆ?"

"ಆ ಗಾಡಿ ತಂದವನ ಮೇಲೆ ನಂಗೆ ಸಿಟ್ಟಿತ್ತು."

"ನನ್ನ ಮೇಲೆ?"

"ಇಲ್ಲಮ್ಮ. ನಿನ್ನ ಮೇಲೆ ಯಾಕೆ ಇರತ್ತೆ."

ಅವಳು ನನ್ನನ್ನು ನೋಡಿದಳು. ಆ ನೋಟ ನನಗೆ ಪರಿಚಯವಿದೆ, ಹನ್ನೊಂದು ವರ್ಷದಿಂದ ಗಡ್ಡ ಕೆರೆದುಕೊಳ್ಳುವಾಗ ಕನ್ನಡಿಯಲ್ಲಿ ನೋಡಿದ್ದೇನೆ. ಆಮೇಲೆ ಬಗ್ಗಿ ಉಳಿದ ಪದಗಳನ್ನು ಬರೆದಳು. ಕೈ ಅಲುಗಲಿಲ್ಲ. "ಬಿಡಬೇಡ ಅಂದ್ರಿ ಸರ್," ಎಂದಳು. "ಬಿಡಲ್ಲ."

ಚಹಾ ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ನನ್ನ ಹತ್ತಿರ ಉಳಿದಿದ್ದ ನಕಲನ್ನು ಮತ್ತೆ ಓದಿದೆ. ಎರಡನೇ ಪುಟದ ನಡುವೆ ಒಂದು ಸಾಲು ಸಡಿಲ. "ಚಾಲಕಿಯ ದನಿ ಸದರಿ ಅಧಿಕಾರಿಗೆ ಕೇಳಿಸಿರಬಹುದು" ಎಂದಿತ್ತು. ಇದನ್ನು ಹೇಗೆ ಬಿಟ್ಟೆ? ಇದೊಂದು ಸಂದಿ ಸಾಕು ಅವನಿಗೆ. ವಾಕಿಟಾಕಿ ಗರಗರ ಎನ್ನುತ್ತಿತ್ತು ಎಂದು ನುಣುಚಿಕೊಂಡು ಹೋಗುತ್ತಾನೆ.

ಕುಂಟುತ್ತಾ ಓಡಿದೆ. ಗೇಟು ದಾಟಿ, ಬೀದಿಯ ತಿರುವಿನವರೆಗೆ. ಬಸ್ ನಿಲ್ದಾಣದಲ್ಲಿ ಸಿಕ್ಕಳು. ಏದುಸಿರು ಬಿಡುತ್ತಾ ಆ ಸಾಲನ್ನು ತೋರಿಸಿದೆ. "ಇಲ್ಲಿ ತಿದ್ದಬೇಕು. ಕೇಳಿಸಿರಬಹುದು ಅಂತ ಇದ್ರೆ ಅವನು ತಪ್ಪಿಸ್ಕೊಳ್ತಾನೆ. ಕೇಳಿಸಿತ್ತು ಅಂತ ಮಾಡು."

ಅವಳು ಬಸ್ ನಿಲ್ದಾಣದ ಕಂಬಕ್ಕೆ ಕಾಗದ ಒತ್ತಿ ಹಿಡಿದು ಆ ಪದ ಹೊಡೆದಳು. ಮೇಲೆ ಹೊಸದನ್ನು ಬರೆದಳು. ತಿದ್ದಿದ ಕಡೆ ಪಕ್ಕದಲ್ಲಿ ಸಹಿ ಬೇಕು ಎಂದು ಹೇಳಿದೆ, ಹಾಕಿದಳು. ಸಾಕ್ಷಿಯ ಸಹಿಗೆ ಜಾಗವಿತ್ತು. ಪೆನ್ನನ್ನು ನನ್ನ ಕಡೆ ಚಾಚಿದಳು, ನಾನು ಹಾಕಿದೆ.